ಮೂಕಪ್ಪ ಹೊಲಿಸಿದ ಕರಿ ಚಡ್ಡಿ

“ಹಾಕ್ಕೋ,” ಎಂದು ಮೂಕಪ್ಪ ಕರಿ ಚಡ್ಡಿಯನ್ನು ಹೊಳೆಯಪ್ಪನ ಎದೆಗೆ ಎಸೆದ. ಅದು ಜಾರಿ ಕೆಳಗೆ ಬಿತ್ತು. ಹೊಳೆಯಪ್ಪ ಎತ್ತಿಕೊಳ್ಳಲಿಲ್ಲ.

ಎತ್ತಿಕೊಳ್ಳುವಂಥ ವಸ್ತುವೂ ಅದಾಗಿರಲಿಲ್ಲ. ಬನಿಯನ್ ಬಟ್ಟೆಯದು. ಮೊಣಕಾಲಿನವರೆಗೂ ಬಾರದ್ದು. ಹಾಕಿದರೆ ಮೈಗೆ ಅಂಟಿಕೊಂಡು ಇದ್ದದ್ದು ಇಲ್ಲದ್ದು ಎಲ್ಲ ಎತ್ತಿ ತೋರಿಸುವಂಥದ್ದು. ಸೀಟು ಒತ್ತಬಾರದೆಂದು ಒಳಗೆ ಒಂದು ತೊಗಲಿನ ತುಂಡು ಹೊಲಿದಿದ್ದರು. ಅದರ ನಾತ ಮೂಗಿಗೆ ಬಡಿಯುತ್ತಿತ್ತು. ಆಗಲೇ ಹಾಕಿಕೊಂಡಿದ್ದ ಉಳಿದ ಮೂವರು ಸವಾರರು ಕೈಯಿಂದ ಮುಂದೆ ಮುಚ್ಚಿಕೊಂಡು, ನಳಕ್ಕೆ ಕೊಡ ಹಿಡಿದು ಹೊರಟ ಬೆಟಗೇರಿಯ ಹೆಂಗಸರಿಗೆ ಬೆನ್ನು ತಿರುಗಿಸಿ ನಿಂತಿದ್ದರು. ನೋಡಿದರೆ ಹೇಸಿಗೆಯಾಗುತ್ತಿತ್ತು.

ಹೇಸಿಗೆ ಎಂಬ ಮಾತನ್ನು ಮೊದಲು ಆಡಿದವನೂ ಈ ಮೂಕಪ್ಪನೇ. ಸೈಕಲ್ ಅಂಗಡಿಯ ಮಾಲೀಕ, ಭಾನುವಾರದ ಸವಾರಿಗೆ ಮುಂದಾಳು. ಹೋದ ವರ್ಷ, ಎಂಬತ್ಮೂರರಲ್ಲಿ, ಪುಣೆಯಿಂದ ಇಂಥದೇ ಚಡ್ಡಿ ತರಿಸಿ ಹಾಕಿಕೊಂಡು ಬಂದವನು ಹೊಳೆಯಪ್ಪ. ಪೈಜಾಮದ ಕಾಲು ಚೈನಿಗೆ ಸಿಗುವುದಿಲ್ಲ, ಗಾಳಿ ತುಂಬಿಕೊಳ್ಳುವುದಿಲ್ಲ ಎಂದು ಅವನು ಎಷ್ಟು ಹೇಳಿದರೂ ಮೂಕಪ್ಪ ಕಿವಿಗೆ ಹಾಕಿಕೊಂಡಿರಲಿಲ್ಲ. “ಹೇಸಿ! ಹೆಣ್ಮಕ್ಕಳು ಅಡ್ಡಾಡೂ ಹಾದ್ಯಾಗ ಇದನ್ನ ಹಾಕ್ಕೊಂಡು ಬಂದ್ರ ಕಾಲ ಮುರೀತೀನಿ,” ಎಂದು ಎಲ್ಲರೆದುರು ಉಗಿದು ಕಳಿಸಿದ್ದ. ಅದೇ ಮನುಷ್ಯ ಈ ವಾರ ದರ್ಜಿಯನ್ನು ಕೂರಿಸಿ ಎಲ್ಲರಿಗೂ ಚಡ್ಡಿ ಹೊಲಿಸಿದ್ದಾನೆ. ಹಾಕಿಕೊಳ್ಳದವನಿಗೆ ಬಿಜಾಪುರದ ರೇಸಿಲ್ಲ ಎನ್ನುತ್ತಿದ್ದಾನೆ.

ಆ ರೇಸು ಹೊಳೆಯಪ್ಪನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ತಂಡದಲ್ಲಿ ನಾಲ್ವರಿಗೆ ಜಾಗ, ಅವನು ಐದನೆಯವನು. ಗೆದ್ದವನಿಗೆ ರೈಲ್ವೆಯಲ್ಲಿ ನೌಕರಿ ಸಿಗಬಹುದೆಂಬ ಆಸೆ ಎಲ್ಲರಿಗೂ ಇತ್ತು. ಮಂಗಳವಾರ ಆ ನಾಲ್ವರಲ್ಲೊಬ್ಬನಾದ ಖಾಸಿಂಸಾಬ ಮುಂಡರಗಿ ರಸ್ತೆಯ ಇಳಿಜಾರಿನಲ್ಲಿ ಮುಂದಿನ ಗಾಲಿ ಕಳಚಿ ಬಿದ್ದ. ನಟ್ಟು ಸಡಿಲಾಗಿತ್ತು. ಸೈಕಲ್‌ಗಳು ಇರುತ್ತಿದ್ದದ್ದು ಮೂಕಪ್ಪನ ಹಿತ್ತಲಲ್ಲಿ, ಗೋಡೆ, ಬೀಗ, ನಾಯಿ ಎಲ್ಲ ಇದ್ದ ಜಾಗದಲ್ಲಿ. ನಟ್ಟು ಬಿಗಿಯುವುದೂ ಅವನದೇ ಕೆಲಸ. ಅಂದಮೇಲೆ ತಪ್ಪು ಯಾರದೆಂದು ಓಣಿಯೇ ಆಡಿಕೊಂಡಿತು. ಮೂಕಪ್ಪ ಬಾಯಿ ಬಿಡಲಿಲ್ಲ. ಖಾಸಿಂಸಾಬನ ಮುರಿದ ಕೈಯನ್ನು ಪಟ್ಟಿಯಿಂದ ಕೊರಳಿಗೆ ಕಟ್ಟಿದರು, ಅವನ ಜಾಗ ಹೊಳೆಯಪ್ಪನಿಗೆ ಬಂತು. ಅಂದಿನಿಂದ ಹುಡುಗ ಸೀಟಿನ ಮೇಲೆ ಕೂರದೆ, ನಿಂತೇ ಪೆಡಲ್ ತುಳಿದು ಬೆವರು ಸುರಿಸುತ್ತಿದ್ದ.

“ಅಣ್ಣಾರ, ಇವತ್ತ ನಾವು ಸವಾರಿ ಹೋಗೂ ಲಕ್ಷ್ಮೇಶ್ವರ ನನ್ನ ಮಾವನ ಊರು,” ಎಂದ ಹೊಳೆಯಪ್ಪ. “ಅತ್ತಿ ಮುಂದ ತೊಡಿ ತೋರಿಸ್ಕೊಂತ ಹೋಗ್ಲೇನ್ರಿ? ಮಾನ ಮರ್ಯಾದಿ ಬ್ಯಾಡೇನು?”

ನ್ಯಾಯವಾದ ಮಾತು. ಅಳಿಯನಾದವನು ಊರ ಅಗಸಿ ಬಾಗಿಲಲ್ಲೇ ಸೈಕಲ್ ಇಳಿದು, ಅಂಗಿಯ ಗುಂಡಿ ಹಾಕಿಕೊಂಡು ನಡೆದು ಹೋಗಬೇಕಾದ ಊರಿಗೆ ಈ ವೇಷವೇ? ಅಂಗಡಿಯ ಹಲಗೆಯ ಮೇಲೆ ಕುಳಿತಿದ್ದ ಖಾಸಿಂಸಾಬನಿಗೇ ತಡೆಯಲಾಗಲಿಲ್ಲ.

“ಬಿಡ್ರಿ ಅಣ್ಣಾ ಅವನ್ನ. ದವಾಖಾನ್ಯಾಗ ನನ್ನ ಬಾಜೂಕ ಕುಂತು ಅತ್ತಾನ. ಪೈಜಾಮಾ ಹಾಕ್ಕೊಂಡು ಹೊಡದ್ರ ಸೋಲ್ತಾನೇನು?”

ಮೂಕಪ್ಪ ಅವನ ಕಡೆ ತಿರುಗಲೂ ಇಲ್ಲ. ಮೊಣಕೈವರೆಗೆ ಹಸಿ ಮಣ್ಣು ಮೆತ್ತಿಕೊಂಡು ಬಂದಿದ್ದ, ತೊಳೆದುಕೊಂಡಿರಲಿಲ್ಲ. ಕಣ್ಣು ಕೆಂಪಗಿದ್ದವು. ಬೆಳಗ್ಗೆಯೇ ಕುಡಿದು ಎಲ್ಲೋ ಬಿದ್ದು ಬಂದಿದ್ದಾನೆಂದು ಸವಾರನೊಬ್ಬ ಮುಖ ಕಿವುಚಿದ.

“ಮಾವನ ಊರು ಬ್ಯಾಡ. ಹುಲಕೋಟಿಗೆ ಹೋಗೂಣು. ಹಾಕ್ಕೋ.”

“ಅಲ್ಲೇನು ಮಂದಿ ಇರೂದಿಲ್ಲೇನ್ರಿ?”

“ಹಂಗಾರ ಅಂಗಡಿ ಒಳಗ ಬಾ. ನನ್ನೊಬ್ಬನ ಮುಂದ ಹಾಕ್ಕೊಂಡು ತೋರ್ಸು. ಆಮ್ಯಾಲೆ ಬಿಚ್ಚಿ ಒಗಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐವತ್ತು ದಾಟಿದ ಗಂಡಸು ಆಡುವ ಮಾತೇ ಇದು? ಕೇಳಿದವರ ಕಿವಿ ಹೊಲಸಾಯಿತು. ಹೊಳೆಯಪ್ಪ ಪಕ್ಕಕ್ಕೆ ಉಗುಳಿದ.

“ನಾಚಿಕಿ ಬರೂದಿಲ್ಲೇನ್ರಿ ನಿಮಗ? ಈ ಚಡ್ಡಿ ಹಾಕ್ಕೊಳ್ಳದಿದ್ರ ನಾ ಏನು ಸಾಯ್ತೀನೇನು?”

“ಸತ್ತರೂ ಸಾಯಬಹುದು.”

ಒಬ್ಬ ನಕ್ಕ. ಮೂಕಪ್ಪ ನಗಲಿಲ್ಲ.

“ನಿಮ್ಮ ರೇಸೂ ಬ್ಯಾಡ, ನಿಮ್ಮ ಸಂಗಾನೂ ಬ್ಯಾಡ,” ಎಂದು ಹೊಳೆಯಪ್ಪ ಸೈಕಲ್ ತಿರುಗಿಸಿದ. ಮಾನಕ್ಕಾಗಿ ನೌಕರಿಯ ಆಸೆಯನ್ನೇ ಬಿಟ್ಟ ಹುಡುಗನನ್ನು ಕಂಡು ಖಾಸಿಂಸಾಬನ ಕಣ್ಣಲ್ಲಿ ನೀರು ಬಂತು.

ಮೂಕಪ್ಪ ಹಿಂದಿನಿಂದ ಹಾರಿ ಹೊಳೆಯಪ್ಪನ ಪೈಜಾಮ ಹಿಡಿದು ಜಗ್ಗಿದ. ಅದು ಸೊಂಟದಿಂದ ಮೊಣಕಾಲಿನವರೆಗೆ ಪರ್ರನೆ ಹರಿಯಿತು. ರಸ್ತೆಯ ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡರು. ಇಂಥ ಹೊಲಸು ಕೆಲಸವನ್ನು ಖಾಸಿಂಸಾಬ ಜೀವನದಲ್ಲಿ ಕಂಡಿರಲಿಲ್ಲ. ಎದ್ದು ಬಂದವನೇ ಇದ್ದೊಂದು ಕೈಯಲ್ಲಿ ಮೂಕಪ್ಪನ ಕೊರಳಪಟ್ಟಿ ಹಿಡಿದ.

ಹಿಡಿದ ಕೈ ಹಾಗೆಯೇ ಸಡಿಲಾಯಿತು. ಹೊಳೆಯಪ್ಪನ ತೊಡೆಯ ಹಿಂಬದಿಯಲ್ಲಿ ಅರಿಷಿಣ ಮೆತ್ತಿದ ಅರಿವೆ ಜಾರಿ ಬಿದ್ದಿತ್ತು. ಅಲ್ಲಿ ಹಲ್ಲು ನಾಟಿದ ಗಾಯ ಕೀವು ತುಂಬಿ ಬಾತುಕೊಂಡಿತ್ತು.

“ಸೋಮವಾರ ರಾತ್ರಿ ಹಿತ್ತಲ ಗ್ವಾಡಿ ಹಾರಿ ಖಾಸೀಮನ ಗಾಲಿ ನಟ್ಟು ಸಡ್ಲ ಮಾಡಿದವ ಇವನ,” ಎಂದ ಮೂಕಪ್ಪ. “ಮುಂಜಾನಿ ನೋಡಿದ್ರ ನಮ್ಮ ನಾಯಿ ಬಾಯಾಗ ರಗತ ಇತ್ತು. ಯಾರಂತ ಕೇಳಿದ್ರ ಯಾವ ಮಗಾ ಒಪ್ತಿದ್ದ?”

ಹೊಳೆಯಪ್ಪ ಹರಿದ ಪೈಜಾಮವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡ. ತನ್ನ ಪಕ್ಕ ಕುಳಿತು ಅತ್ತ ಆ ಮುಖವನ್ನು ನೋಡಿ ಖಾಸಿಂಸಾಬ ನೆಲಕ್ಕೆ ಉಗುಳಿದ. ಮೂವರು ಸವಾರರೂ ಚಡ್ಡಿಯ ನಾಚಿಕೆ ಮರೆತು, ಕಾಲ ಚಪ್ಪಲಿ ಕೈಗೆ ತೆಗೆದುಕೊಂಡು ಮುಂದೆ ಬಂದರು.

“ಬಡಿಯೂದು ಆಮ್ಯಾಲೆ,” ಎಂದು ಮೂಕಪ್ಪ ಮಣ್ಣಿನ ಕೈ ಅಡ್ಡ ಹಿಡಿದ. “ಮೊದಲ ಇವನ್ನ ದವಾಖಾನಿಗೆ ಒಯ್ದು ಸೂಜಿ ಹಾಕಸ್ರಿ; ನಾಯಿ ಹುಚ್ಚು ಹಿಡದು ಸತ್ತೈತಿ, ಈಗಷ್ಟ ಮಣ್ಣು ಮಾಡಿ ಬಂದೀನಿ.”