ಬಿಸ್ಕತ್ತಿನ ಶನಿವಾರದ ಊಟ

ಇಂದಿರಮ್ಮ ಬಾಗಿಲಲ್ಲಿ ನಿಂತು "ಅಯ್ಯಯ್ಯೋ" ಎನ್ನದಿದ್ದರೆ ಮೊಮ್ಮಗಳ ಕೈ ಅಲುಗುತ್ತಿರಲಿಲ್ಲ. ಸ್ಪಂದನಾ ಇಕ್ಕಳದಲ್ಲಿ ಹಿಡಿದಿದ್ದ ಸತ್ತ ಇಲಿ ಹಾವಿನ ಮೈಗೆ ಸವರಿಕೊಂಡು ಕೆಳಗೆ ಬಿತ್ತು. ವಾರದಿಂದ ಹಸಿದಿದ್ದ ಹಾವು ವಾಸನೆ ಬಂದ ಕಡೆಗೆ ಬಾಯಿ ಹಾಕಿತು. ಸಿಕ್ಕಿದ್ದು ಅದರದೇ ಹೊಟ್ಟೆ.

ಮಾರುದ್ದದ ಆ ಹೆಬ್ಬಾವಿಗೆ ಬಿಸ್ಕತ್ತು ಎಂದು ಹೆಸರು. ಹನ್ನೊಂದು ವರ್ಷದ ಸ್ಪಂದನಾ ಹಠ ಮಾಡಿ ಸಾಕಿಕೊಂಡದ್ದು. ಮೈಸೂರಿನಿಂದ ವಿದೇಶಕ್ಕೆ, ಕ್ಯಾನಿಂಗ್ ವೇಲ್ ಎಂಬ ಊರಿನಲ್ಲಿದ್ದ ಮಗನ ಮನೆಗೆ ಬಂದು ತಿಂಗಳಾಗಿದ್ದರೂ ಇಂದಿರಮ್ಮ ಆ ಗಾಜಿನ ಪೆಟ್ಟಿಗೆಯ ಕಡೆ ಸುಳಿದಿರಲಿಲ್ಲ. ಇವತ್ತು ಮಗ, ಸೊಸೆ ಇಬ್ಬರೂ ಹೊರಗೆ ಹೋಗಿದ್ದರು. ಮಗುವೊಂದನ್ನೇ ಹಾವಿನ ಜೊತೆ ಬಿಡಬಾರದೆಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾವಲಿಗೆ ಬಂದಿದ್ದರು.

ಬಿಸ್ಕತ್ತು ತನ್ನನ್ನೇ ಕಚ್ಚಿಕೊಂಡು, ತನ್ನನ್ನೇ ಸುತ್ತಿ, ಒಳ್ಳೆಯ ಬೇಟೆ ಸಿಕ್ಕಿತೆಂಬಂತೆ ಬಿಗಿಯತೊಡಗಿತು. ಬಿಗಿದಷ್ಟೂ ರಕ್ತ ಜಿನುಗಿತು.

"ಬಿಡ್ಸಮ್ಮಾ ಅದನ್ನ."

"ಐ ಕಾಂಟ್, ಅಜ್ಜಿ. ಹಿಸ್ ಟೀತ್ ವಿಲ್ ಬ್ರೇಕ್." ಹುಡುಗಿಯ ಕಣ್ಣು ತುಂಬಿತ್ತು.

ಅಪ್ಪ ಫೋನ್ ಎತ್ತಲಿಲ್ಲ. ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಯಾರೋ ಎತ್ತಿದರು. ಗಾಬರಿ ಬೇಡ, ಸ್ವಲ್ಪ ವಿಸ್ಕಿಯೋ ಬ್ರಾಂಡಿಯೋ ಬಾಯಿಯ ಅಂಚಿಗೆ ಬಿಡಿ, ಹಿಡಿತ ಸಡಿಲಿಸುತ್ತದೆ, ಆಮೇಲೆ ಕರೆದುಕೊಂಡು ಬನ್ನಿ ಎಂದರು.

"ಈ ಮನೇಲಿ ಅದೆಲ್ಲಿಂದ ತರೋದು? ನಿಮ್ಮಪ್ಪನಿಗೆ ಅದರ ವಾಸನೇನೇ ಆಗಲ್ವಂತೆ," ಎಂದರು ಇಂದಿರಮ್ಮ.

ಸ್ಪಂದನಾ ಅಜ್ಜಿಯನ್ನು ನೋಡಿದಳು. ಹಾವನ್ನು ನೋಡಿದಳು. "ಗರಾಜ್, ಅಜ್ಜಿ. ಬಿಹೈಂಡ್ ದ ಪೇಂಟ್ ಟಿನ್ಸ್. ಡೋಂಟ್ ಟೆಲ್ ಡ್ಯಾಡ್ ಐ ಟೋಲ್ಡ್ ಯೂ."

ಪೇಂಟ್ ಡಬ್ಬಗಳ ಹಿಂದೆ ಬಾಟಲಿ ಇತ್ತು. ಅರ್ಧ ಖಾಲಿ. ಇಂದಿರಮ್ಮ ಅದನ್ನು ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿದರು. ಆಮೇಲೆ ಕಷಾಯದ ಚಮಚ ತೆಗೆದುಕೊಂಡು ಹಾವಿನೆದುರು ಕುಕ್ಕರುಗಾಲಲ್ಲಿ ಕೂತರು. "ನೀನು ಗಟ್ಟಿಯಾಗಿ ಹಿಡ್ಕೋ. ನನ್ನಿಂದ ಆದದ್ದು, ನಾನೇ ಹಾಕ್ತೀನಿ."

ಮೊದಲ ಹನಿಗಳು ನೆಲಕ್ಕೆ ಬಿದ್ದವು. ಉಳಿದದ್ದು ಬಾಯಿಯ ಅಂಚಿಗೆ ಇಳಿಯಿತು. ಬಿಸ್ಕತ್ತು ಒಮ್ಮೆ ಕೊಸರಿತು, ದವಡೆ ಸಡಿಲಿಸಿತು, ಯಾರೋ ಅವಮಾನ ಮಾಡಿದರೆಂಬಂತೆ ತಲೆ ಆಚೆ ತಿರುಗಿಸಿ ನಾಲಿಗೆ ಆಡಿಸಿತು. ಇಂದಿರಮ್ಮ ಮೆಲ್ಲಗೆ ಅದರ ಬೆನ್ನು ಮುಟ್ಟಿದರು. ಅಂದುಕೊಂಡಂತೆ ಲೋಳೆಯಿರಲಿಲ್ಲ, ತಣ್ಣಗೆ, ಒಣಗಿದ್ದ ಮೈ.

ಮಗ ರಮಾಕಾಂತ್ ಒಳಗೆ ಬಂದಾಗ ಮೇಜಿನ ಮೇಲೆ ಬಾಟಲಿ ಇತ್ತು. ಅಮ್ಮನ ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಹಾವಿತ್ತು. ಯಾವುದಕ್ಕೆ ಮೊದಲು ಹೆದರಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅಮ್ಮ, ಅದು ನಂದಲ್ಲ. ಆಫೀಸಿನ ಫ್ರೆಂಡ್ ಒಬ್ಬ ಇಟ್ಟು ಹೋಗಿದ್ದ."

ಇಂದಿರಮ್ಮ ಟವೆಲ್ಲನ್ನು ಜೋಪಾನವಾಗಿ ಎತ್ತಿಕೊಂಡು ಎದ್ದರು.

"ಕಾರು ತೆಗಿ, ಡಾಕ್ಟರ ಹತ್ರ ಹೋಗ್ಬೇಕು. ಇದು ಒಂದು ಚಮಚಕ್ಕೇ ಬಾಯಿ ಬಿಡ್ತು ಕಣೋ. ನೀನು ಅರ್ಧ ಬಾಟ್ಲಿ ಮುಗಿಸಿದ್ರೂ ಬಿಡ್ತಿಲ್ಲ."