ಹಿಂದಿನ ಗೋಡೆಯ ಕಾವಲು

ಡ್ರಿಲ್ ಮಾಸ್ತರರು ಹುಡುಗಿಯ ಕಾಲನ್ನು ಬಿಗಿಯಾಗಿ ಹಿಡಿದುಕೊಂಡೇ ಸೀಟಿ ಊದಿದರು. ಅವಳ ಎರಡೂ ಕೈ ಶಾಲೆಯ ಹಿಂದಿನ ಗೋಡೆಯ ಅಂಚಿನಲ್ಲಿದ್ದವು. ಬೆನ್ನಿಗೆ ಪುಸ್ತಕದ ಚೀಲ.

"ಬಿಡಿ ಸಾರ್, ಹೊತ್ತಾಯ್ತು!"

"ಬಿಡೋದಾ? ಬೆಳಗಿನಿಂದ ಟ್ಯಾಂಕಿನ ಹಿಂದೆ ಕೂತು ಸೊಳ್ಳೆ ಕೈಲಿ ಕಚ್ಚಿಸ್ಕೊಂಡಿದ್ದೀನಿ!"

ಈ ವರ್ಷ ಒಂದು ಮಗುವೂ ಶಾಲೆ ಬಿಡಕೂಡದೆಂದು ಹಟ ತೊಟ್ಟಿದ್ದ ಮುಖ್ಯೋಪಾಧ್ಯಾಯಿನಿ ಒಂಬತ್ತಕ್ಕೆಲ್ಲ ಗೇಟಿಗೆ ಮೂರು ಬೀಗ ಜಡಿಸುತ್ತಿದ್ದರು. ಉಳಿದದ್ದು ಹಿಂದಿನ ಗೋಡೆ. ಅದರ ಕಾವಲನ್ನು ಅಂದು ಬೆಳಿಗ್ಗೆಯಷ್ಟೇ ಮಾಸ್ತರರು ತಾವಾಗಿಯೇ ಕೇಳಿ ಪಡೆದಿದ್ದರು. ಹೋದ ವರ್ಷ ಉದ್ದ ಜಿಗಿತದಲ್ಲಿ ಗೆದ್ದ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟು, ಮದುವೆಯಾದಳೆಂಬ ಸುದ್ದಿ ಮಾತ್ರ ಬಂದಿತ್ತು. ಅಂದಿನಿಂದ ಅವರಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಹುಡುಗಿಯನ್ನು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು.

"ಕೈಗೇನೇ ಆಯ್ತು?"

"ಇಸ್ತ್ರಿಪೆಟ್ಟಿಗೆ ತಾಗ್ತು ಮೇಡಂ. ಅಮ್ಮನಿಗೆ ಸೊಂಟ ಹಿಡಿದಿದೆ. ಆಸ್ಪತ್ರೆ ಬಟ್ಟೆ ನಾನೇ ಇಸ್ತ್ರಿ ಮಾಡ್ತೀನಿ. ಹತ್ತು ಗಂಟೆಗೆ ಮುಗಿಯುತ್ತೆ."

"ಅದಕ್ಕೆ ಗೋಡೆ ಹಾರಿ ಓಡೋದಾ?"

ಹುಡುಗಿ ತಲೆ ತಗ್ಗಿಸಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ವಿಜ್ಞಾನದ ಟೀಚರ್ ಮಾತಿನ ನಡುವೆ ಅತ್ತೇಬಿಟ್ಟರು. ಅಡುಗೆಯಾಕೆಯೂ ಸೌಟು ಹಿಡಿದೇ ಬಂದು ತನ್ನ ಪಾಲಿನ ನಾಲ್ಕು ಮಾತು ಹೇಳಿ ಹೋದಳು.

"ಇನ್ಮೇಲೆ ಶಾಲೆ ಬಿಡಲ್ಲ ಅಂತ ಹೇಳಮ್ಮ," ಎಂದರು ಮಾಸ್ತರರು, ಬೇಡುವವರಂತೆ.

"ನಿಮ್ಮಾಣೆ ಬಿಡಲ್ಲ ಸಾರ್. ಕ್ಲಾಸಿಗೆ ಹೋಗ್ಲಾ? ಗಣಿತ ಶುರುವಾಗಿರುತ್ತೆ."

ಇಷ್ಟು ಬೇಗ ಅವಳ ಮನಸ್ಸು ತಿರುಗೀತೆಂದು ಮಾಸ್ತರರು ಎಣಿಸಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಮುಚ್ಚಳಿಕೆ ಬರೆಸಲು ಕಾಗದ ತರಿಸಿದರು. ಕ್ರಮಸಂಖ್ಯೆಗಾಗಿ ಗುಮಾಸ್ತರು ಹತ್ತನೇ ತರಗತಿಯ ಹಾಜರಿ ಪುಸ್ತಕ ತೆರೆದು, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ನೋಡಿದರು.

"ಮೇಡಂ, ಈ ಹೆಸರು ಹೊಡೆದು ಹಾಕಿದೆ. ಒಂದು ತಿಂಗಳು ಬೆಳಗಿನ ಹಾಜರಿಗೆ ಬರ್ಲಿಲ್ಲ ಅಂತ ನೀವೇ ಕೆಂಪು ಗೆರೆ ಎಳೆದಿದ್ದೀರಿ."

ಮಾಸ್ತರರು ಹುಡುಗಿಯತ್ತ ತಿರುಗಿದರು.

"ಶಾಲೆಯಲ್ಲೇ ಇಲ್ಲದವಳು ಎಲ್ಲಿಗೆ ಓಡ್ತಿದ್ದೆ?"

"ಓಡ್ತಿರ್ಲಿಲ್ಲ ಸಾರ್. ಹೇಳಿದ್ರೆ ಆಚೆ ಹಾಕ್ತೀರಿ ಅಂತ ಸುಮ್ಮನಿದ್ದೆ. ಎರಡು ತಿಂಗಳಿಂದ ದಿನಾ ಹೀಗೇ ಒಳಗೆ ಬರ್ತಿದ್ದೀನಿ."