ಹಿಡಿಯುವವಳ ತಲೆನೋವು

"ಸಂಜೆ ಪ್ರದರ್ಶನಕ್ಕೆ ನಮ್ಮ ಹೆಸರು ಕೊಟ್ಟು ಬಂದೆ," ಎಂದು ಗಂಡ ಆರ್ವಿಡ್ ಹೇಳಿದಾಗ ಲೊರೇನ್ ಕಚ್ಚಿದ್ದ ಡೋನಟ್ಟನ್ನು ಹಾಗೇ ಕೆಳಗಿಟ್ಟಳು. "ಹಳೇ ಆಟಾನೇ. ಸಭೆಯಿಂದ ಯಾರನ್ನಾದ್ರೂ ಕರೆದು ನಮ್ಮಿಬ್ಬರ ನಡುವೆ ನಿಲ್ಲಿಸೋಣ. ಅವರ ಮೂಗಿನ ಮುಂದೊಂದು, ಬೆನ್ನ ಹಿಂದೊಂದು ಕ್ಲಬ್ಬು ಹಾರ್ತಿದ್ರೆ ಜನ ಉಸಿರು ಬಿಗಿಹಿಡಿದು ಕೂತಿರ್ತಾರೆ."

"ಈ ವರ್ಷ ಬೇಡ ಅಂದಿದ್ದೆನಲ್ಲ."

"ಬೇಡ ಅಂದೆ. ಯಾಕೆ ಅಂತ ಹೇಳಲಿಲ್ಲ."

ನಿಜ, ಹೇಳಿರಲಿಲ್ಲ. ಹೇಳುವ ಧೈರ್ಯವಿದ್ದಿದ್ದರೆ ಡುಲೂತ್‌ನ ಈ ಕಾಲೇಜಿನ ಒಳಾಂಗಣ ಕ್ರೀಡಾಂಗಣಕ್ಕೆ, ಈ ವಾರಾಂತ್ಯದ ಜಗ್ಲಿಂಗ್ ಸಮ್ಮೇಳನಕ್ಕೆ ಅವರು ಬರುತ್ತಲೇ ಇರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಹಲ್ಲಿನ ಡಾಕ್ಟರು, ಲಾರಿ ಡ್ರೈವರು, ಒಬ್ಬ ಪಾದ್ರಿ ಕೂಡ, ಚೆಂಡು, ರಿಂಗುಗಳನ್ನು ಮೇಲೆ ಎಸೆಯುತ್ತ, ಬೀಳಿಸುತ್ತ, ನಾಚಿಕೆಯಿಲ್ಲದೆ ಬಗ್ಗಿ ಎತ್ತಿಕೊಳ್ಳುತ್ತ ಇದ್ದರು. ಇವರಿಬ್ಬರದು ಮದುವೆಗೂ ಮೊದಲಿನ ಜೋಡಿ. ಎದುರುಬದುರು ನಿಂತು, ಉದ್ದ ಕತ್ತಿನ ಬಾಟಲಿಯಂಥ ಕ್ಲಬ್ಬುಗಳನ್ನು ಒಬ್ಬರಿಗೊಬ್ಬರು ಎಸೆದು ಹಿಡಿಯುವುದು ಇವರ ಆಟ.

ಈ ಆಟದಲ್ಲಿ ಕ್ಲಬ್ಬು ಕೈಬಿಟ್ಟ ಮೇಲೆ ಎಸೆದವನು ಅದರ ಕಡೆ ತಿರುಗಿ ನೋಡುವುದಿಲ್ಲ. ಅವನ ಕಣ್ಣೆಲ್ಲ ತನ್ನತ್ತ ಬರುತ್ತಿರುವುದರ ಮೇಲೆ. ಹೋದದ್ದು ಎಲ್ಲಿಗೆ ಹೋಯಿತು ಎಂಬುದು ಹಿಡಿಯುವವಳ ತಲೆನೋವು. ಹೋದ ಚಳಿಗಾಲದಿಂದ ಆರ್ವಿಡ್‌ನ ಬಲಗೈ ಹದ ತಪ್ಪಿತ್ತು. ಎಸೆತ ಒಮ್ಮೆ ಪಕ್ಕಕ್ಕೆ, ಒಮ್ಮೆ ಕಾಲ ಬುಡಕ್ಕೆ, ಒಮ್ಮೆ ಹಣೆಗೇ ಬರುತ್ತಿತ್ತು. ಲೊರೇನ್ ಮೊದಮೊದಲು ಯೋಚಿಸದೆ ಕೈ ಚಾಚಿದಳು. ಆಮೇಲೆ ಯೋಚಿಸಿಯೇ ಚಾಚಿದಳು. ಒಂದೂ ಕೆಳಗೆ ಬೀಳಲಿಲ್ಲ. ಈ ವಯಸ್ಸಿನಲ್ಲೂ ತನ್ನ ಕೈ ಹೇಗಿದೆ ನೋಡು ಎಂದು ಆರ್ವಿಡ್ ಬೀಗಿದ. ಬದುಕಿಡೀ ಲೇತ್ ಯಂತ್ರದ ಮುಂದೆ ನಿಂತು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದ ಹಾಗೆ ಕಬ್ಬಿಣ ಕಡೆದವನಿಗೆ, ನಿನ್ನ ಕೈ ಕೆಟ್ಟಿತು ಎಂದು ಯಾವ ಬಾಯಲ್ಲಿ ಹೇಳುವುದು? ಆದರೆ ಸಂಜೆ ನಡುವೆ ಇನ್ನೊಬ್ಬರ ತಲೆ ಬಂದು ನಿಂತರೆ, ಅದರ ಮೇಲೆ ಬೀಳುವ ಪೆಟ್ಟನ್ನು ತಡೆಯಲು ಅವಳ ಕೈ ಎಟಕುವುದಿಲ್ಲ.

ಲೊರೇನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಫಿಗೆಂದು ಹೋದವಳು, ಹೆಸರು ತೆಗೆಸೋಣವೆಂದು ಸಾಲು ಬಿಟ್ಟು ಸಂಘಟಕರ ಮೇಜಿನ ತನಕ ಹೋದಳು. ಏನು ಬೇಕಿತ್ತು ಎಂದು ಅವರು ಕೇಳಿದರೆ, ಶೌಚಾಲಯ ಎಲ್ಲಿ ಎಂದು ಕೇಳಿ ವಾಪಸು ಬಂದಳು. ಸರಿಯಾಗೇ ಇದ್ದ ಷೂ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಕೊನೆಗೆ ಕಾಫಿ ಹಿಡಿದು ಬರುವಷ್ಟರಲ್ಲಿ ಆರ್ವಿಡ್ ಕೈ ಸುಮ್ಮನಿರಲಾರದೆ ಡೆಸ್ಮಂಡ್‌ನನ್ನು ಎದುರಿಗೆ ನಿಲ್ಲಿಸಿಕೊಂಡಿದ್ದ. ಡೆಸ್ಮಂಡ್ ಪ್ರತಿ ವರ್ಷ ವಿನಿಪೆಗ್‌ನಿಂದ ಬರುವವನು, ಬಾಯಿಗೆ ಬೀಗ ಇಲ್ಲದವನು. ಅವನ ಸುತ್ತ ಕ್ಲಬ್ಬುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ಆರ್ವಿಡ್, ನೀವು ಎಸೀತಿರೋದು ನನಗೋ, ಆ ಗೋಡೆಗೋ?"

"ನೀನು ನಿಂತಿರೋದೇ ನೆಟ್ಟಗಿಲ್ಲ. ನಮ್ಮನೆಯವಳ ಜೊತೆ ಆಡುವಾಗ ಒಂದೂ ಬೀಳಲ್ಲ, ಗೊತ್ತಾ?"

"ಹಾಗಾದ್ರೆ ಇಷ್ಟು ದಿನ ಚಪ್ಪಾಳೆ ತಟ್ಟಬೇಕಾಗಿದ್ದು ನಿಮಗಲ್ಲ ಬಿಡಿ, ಅವರಿಗೆ," ಎಂದು ಡೆಸ್ಮಂಡ್ ನಕ್ಕ. ಅಷ್ಟರಲ್ಲಿ ಲೊರೇನಳ ಮುಖ ಕಂಡಿತು. ನಗು ನುಂಗಿಕೊಂಡು, ಬಿದ್ದದ್ದನ್ನೆಲ್ಲ ಆರಿಸಿ ಕೊಟ್ಟು, ಬೇರೆಲ್ಲೋ ಕೆಲಸವಿದ್ದವನಂತೆ ನಡೆದುಬಿಟ್ಟ.

ಆರ್ವಿಡ್ ಹೆಂಡತಿಯನ್ನೇ ನೋಡಿದ. "ಇಲ್ಲಿ ಬಾ. ಎದುರಿಗೆ ನಿಲ್ಲು."

"ಕಾಫಿ ಆರಿ ಹೋಗತ್ತೆ."

"ಹೋಗ್ಲಿ. ಕೈ ಯಾವಾಗ್ಲೂ ಇಡೋ ಜಾಗದಲ್ಲಿ ಇಟ್ಕೋ, ಅಲ್ಲಾಡಿಸಬೇಡ. ಕೈಗೇ ಬಂದ್ರೆ ಹಿಡಿ, ಬರದಿದ್ರೆ ಬಿಟ್ಟುಬಿಡು."

"ಬೇಡ ಕಣೋ, ನನ್ನ ಮಾತು ಕೇಳು."

"ಕಂಬದ ಹಾಗೆ ನಿಲ್ಲು ಅಂದೆ."

ಕಾಫಿ ಕೆಳಗಿಟ್ಟು ನಿಂತಳು. ಮೊದಲನೆಯದು ಒಂದು ಮಾರು ಪಕ್ಕದಲ್ಲಿ ಹಾದುಹೋಗಿ ಉರುಳಿತು. ಅವಳ ಬೆರಳು ಚಡಪಡಿಸಿದವು, ಹಲ್ಲು ಕಚ್ಚಿ ತಡೆದುಕೊಂಡಳು. ಎರಡನೆಯದು ಅವಳ ಪಾದದ ಮುಂದೆ ಬಿತ್ತು. ಈ ಸಲ ಆರ್ವಿಡ್ ಪ್ರತಿಯೊಂದನ್ನೂ ಅದು ನೆಲ ಮುಟ್ಟುವವರೆಗೂ ನೋಡುತ್ತಿದ್ದ. ಅವನ ಮುಖ ಸಣ್ಣದಾಯಿತು. ಮೂರನೆಯದು ತಿರುಗುತ್ತ ಸೀದಾ ಅವಳ ಹಣೆಗೇ ಬಂತು. ಲೊರೇನ್ ಕೈ ಎತ್ತಲಿಲ್ಲ. ಬೀಳಲಿ, ಬಿದ್ದರೆ ನಾನು ಬಾಯಿಬಿಟ್ಟು ಹೇಳುವುದು ತಪ್ಪುತ್ತದೆ ಎಂದುಕೊಂಡಳು. ಅವಳಿಗೆ ಅವನ ಮೇಲೆ ಸಿಟ್ಟಿತ್ತು, ಮರುಕವೂ ಇತ್ತು.

"ಹಿಡಿ ಮಾರಾಯ್ತಿ, ಹಿಡಿ," ಆರ್ವಿಡ್ ಕೂಗಿಕೊಂಡ.

ಹಣೆಗೆ ನಾಲ್ಕು ಬೆರಳು ದೂರವಿದ್ದಾಗ ಅದು ಅವಳ ಕೈಗೆ ಸಿಕ್ಕಿತು.

ಅಕ್ಕಪಕ್ಕದವರು ತಮ್ಮ ಪಾಡಿಗೆ ಎಸೆಯುತ್ತ, ಬೀಳಿಸುತ್ತ ಇದ್ದರು.

"ಯಾವಾಗಿನಿಂದ?"

"ಹೋದ ಚಳಿಗಾಲದಿಂದ."

ಆರ್ವಿಡ್ ಬಗ್ಗಿ, ಬಿದ್ದಿದ್ದ ಎರಡನ್ನೂ ತಾನೇ ಎತ್ತಿಕೊಂಡ. "ಸಂಜೆ ನಡುವೆ ಯಾರೂ ಬೇಡ. ನಾವಿಬ್ಬರೇ ಆಡೋಣ," ಎಂದು ತನ್ನ ಜಾಗಕ್ಕೆ ಹೋಗಿ ನಿಂತ. ಎಸೆಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು.

"ಆದ್ರೆ ಲೊರೇನ್, ಇನ್ನು ಮೇಲೆ ಹಿಡಿಯೋದಾದ್ರೆ, ನಾನು ತಪ್ಪಿದ್ದು ನನಗೆ ಕಾಣೋ ಹಾಗೆ ಹಿಡಿ."